ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ ದೂರ 13,993 ಕಿ.ಮೀ.ನಾ, 16,000 ಕಿ.ಮೀ.ನಾ? ಗಂಟೆ ಲೆಕ್ಕ ಹೆಂಗೆ ಹಾಕೋದು?

ಕೋಲಾರದ_ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮತ್ತೆಗೆ 68 ವರ್ಷ, ನಾದಿನಿ ಇರೋದು ಸ್ಯಾನ್ ಫ್ರಾನ್ಸಿಸ್ಕೊ ಹತ್ರದ ಫ್ರೀಮಾಂಟ್‌ನಲ್ಲಿ, ಅವಳ ಬಾಣಂತನಕ್ಕೆ ಅಂತ ಅತ್ತೆ ಹೊರಟಿದ್ದಾರೆ, ಇದೇ ಮೊದಲನೇ ವಿಮಾನ ಪ್ರಯಾಣ. ಶುಗರ್ ಇದೆ, ಇನ್ಸುಲಿನ್ ತಗೋತಾರೆ. ಡಾಕ್ಟರ ಹತ್ರ ಹೋದಾಗ ಅವರು ಒಂದೇ ಮಾತು ಹೇಳಿದ್ರು: ಮನೆ ಬಿಟ್ಟಾಗಿಂದ ಮಗಳ ಮನೆ ಸೇರೋವರೆಗೆ ಒಟ್ಟು ಎಷ್ಟು ಗಂಟೆ, ಅದ್ರಲ್ಲಿ ವಿಮಾನದೊಳಗೆ ಎಷ್ಟು ಗಂಟೆ, ಸರಿಯಾಗಿ ಬರ್ಕೊಂಡು ಬನ್ನಿ, ಡೋಸ್ ಆಮೇಲೆ ನೋಡೋಣ ಅಂತ.

ಅಷ್ಟೇ ತಾನೆ ಅಂದ್ಕೊಂಡು ಕೂತೆ, ಎರಡು ದಿನ ಆಯ್ತು ಲೆಕ್ಕ ಕೂಡ್ತಾ ಇಲ್ಲ. ಮ್ಯಾಪಲ್ಲಿ ದೂರ ಅಳೆಯೋ ಸೈಟಲ್ಲಿ ಹಾಕಿದ್ರೆ 13,990 ಹತ್ರ ತೋರ್ಸುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಮೊದಲ ನೇರ ವಿಮಾನ ಬಂದಾಗಿನ ಸುದ್ದಿ ಹುಡುಕಿದ್ರೆ ಒಂದರಲ್ಲಿ 13,993 ಕಿ.ಮೀ. ಅಂತಿದೆ, ಇನ್ನೊಂದರಲ್ಲಿ 16,000 ಕಿ.ಮೀ. ಹಾರಿದ್ರು ಅಂತಿದೆ. ಎರಡು ಸಾವಿರ ಕಿ.ಮೀ. ವ್ಯತ್ಯಾಸ ಅಂದ್ರೆ ಇಲ್ಲಿಂದ ದೆಹಲಿಗೆ ಹೋದಷ್ಟಾಯ್ತು! ಅದೂ ಬಿಡಿ, 9ನೇ ತಾರೀಕು ರಾತ್ರಿ 8:30ಕ್ಕೆ ಅಲ್ಲಿಂದ ಹೊರಟು 11ನೇ ತಾರೀಕು ಬೆಳಗಿನ ಜಾವ 3:45ಕ್ಕೆ ಇಲ್ಲಿ ಇಳಿಯುತ್ತೆ ಅಂತ ಟೈಮಿಂಗ್. ಹಂಗಾದ್ರೆ 31 ಗಂಟೆನಾ? ವಿಮಾನದ ಸ್ಪೀಡು 900 ಅಂತಾರೆ, ಭಾಗಿಸಿದ್ರೆ ಹದಿನೈದೂವರೆ ಬರುತ್ತೆ. ಮೂರು ಉತ್ತರ ಬಂತು, ಯಾವುದನ್ನ ಬರೀಲಿ?

ಏಳನೇ ಕ್ಲಾಸಲ್ಲಿರೋ ಮಗ ಅಟ್ಲಾಸ್ ಮೇಲೆ ಸ್ಕೇಲ್ ಇಟ್ಟು ಆಫ್ರಿಕಾ ಮೇಲಿಂದ ಗೆರೆ ಎಳೆದು ಇಷ್ಟೇ ಸೆಂಟಿಮೀಟರು ಅಂತ ಬೇರೆ ಒಂದು ಲೆಕ್ಕ ಕೊಟ್ಟ. ತಿಳಿದವರು ದಯವಿಟ್ಟು ಹೇಳಿ.

ನಿವೃತ್ತ_ಮೇಷ್ಟ್ರು

ತಾಯಿ, ಮೊದಲು ಮಗನ ಕೈಯಿಂದ ಸ್ಕೇಲ್ ತೆಗೆದುಕೊಂಡು ಒಂದು ದಾರ ಕೊಡಿ. ಮನೆಯಲ್ಲಿ ಗ್ಲೋಬ್ ಇದೆಯಾ? ನಾನು ಸಾಗರದ ಕಡೆ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಭೂಗೋಳ ಹೇಳಿಕೊಟ್ಟವನು, ಈ ಪಾಠವನ್ನ ಪ್ರತಿ ವರ್ಷ ದಾರದಲ್ಲೇ ಮಾಡ್ತಿದ್ದೆ.

ಅಟ್ಲಾಸ್ ಅಂದರೆ ದುಂಡಗಿನ ಭೂಮಿಯನ್ನ ಚಪ್ಪಟೆ ಹಾಳೆಗೆ ಬಡಿದು ಕೂರಿಸಿದ್ದು. ಧ್ರುವದ ಕಡೆ ಹೋದ ಹಾಗೆ ಎಲ್ಲವೂ ಹಿಗ್ಗಿರುತ್ತೆ, ಗ್ರೀನ್‌ಲ್ಯಾಂಡು ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತೆ, ನಿಜದಲ್ಲಿ ಆಫ್ರಿಕಾದೊಳಗೆ ಹದಿನಾಲ್ಕು ಗ್ರೀನ್‌ಲ್ಯಾಂಡು ಹಿಡಿಯುತ್ತೆ. ಅಂಥ ಹಾಳೆ ಮೇಲೆ ಸ್ಕೇಲ್ ಇಟ್ಟರೆ ದಾರಿಯೂ ತಪ್ಪು, ಉದ್ದವೂ ತಪ್ಪು.

30 ಸೆಂ.ಮೀ. ವ್ಯಾಸದ ಗ್ಲೋಬ್ ಆದರೆ ಅದರ ಸುತ್ತಳತೆ 94 ಸೆಂ.ಮೀ. ಚಿಲ್ಲರೆ, ಭೂಮಿಯ ಸುತ್ತಳತೆ 40,000 ಕಿ.ಮೀ. ಅಂದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಸಡಿಲ ಇರಕೂಡದು, ದಾರ ತಾನಾಗಿಯೇ ಅತಿ ಚಿಕ್ಕ ದಾರಿಗೆ ಜಾರಿಕೊಂಡು ಕೂರುತ್ತೆ. ಅಳೆದರೆ 33 ಸೆಂ.ಮೀ. ಬರಬೇಕು. 33 × 425 ಮಾಡಿ ನೋಡಿ, ಹದಿನಾಲ್ಕು ಸಾವಿರ.

ಆ ದಾರ ಎಲ್ಲಿ ಹಾದುಹೋಗುತ್ತೆ ಅಂತ ಮಗನಿಗೆ ಓದಿಸಿ. ಆಫ್ರಿಕಾ ಇಲ್ಲ, ಅಟ್ಲಾಂಟಿಕ್ ಇಲ್ಲ. ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ, ಆಮೇಲೆ ರಷ್ಯಾದ ಉತ್ತರದ ಕರಾವಳಿ ಹತ್ತಿರ 71 ಡಿಗ್ರಿ ಅಕ್ಷಾಂಶದವರೆಗೆ ಹತ್ತಿ, ಅಲಾಸ್ಕಾ ಮೇಲಿಂದ ಇಳಿದು ಕ್ಯಾಲಿಫೋರ್ನಿಯಾ. ಇದಕ್ಕೆ ಮಹಾವೃತ್ತ ಅಂತ ಹೆಸರು, ವಿಮಾನದವರು ಗ್ರೇಟ್ ಸರ್ಕಲ್ ಅಂತಾರೆ. ಇದನ್ನ ಮೊದಲ ಸಲ ನೋಡಿದಾಗ ಮಕ್ಕಳ ಕಣ್ಣು ಅರಳೋದನ್ನ ನೋಡೋಕೇ ನಾನು ಆ ಪಾಠಕ್ಕೆ ಕಾಯ್ತಿದ್ದೆ.

ಧಾರವಾಡ_ಫೇಡೆ

ಮೇಷ್ಟ್ರ ಹೇಳಿದ್ದು ಖರೇ ಐತಿ. ದಾರ ಇಲ್ಲದವರು ಕ್ಯಾಲ್ಕುಲೇಟರ್‌ನ್ಯಾಗ ಮಾಡಬಹುದ್ರಿ, ಭಾಳ ಕಷ್ಟ ಏನಿಲ್ಲ, ಪಿಯುಸಿ ತ್ರಿಕೋನಮಿತಿ ಅಷ್ಟ.

ಎರಡೂ ಏರ್‌ಪೋರ್ಟಿನ ಅಕ್ಷಾಂಶ ರೇಖಾಂಶ ತಗೋರಿ. ದೇವನಹಳ್ಳಿ 13.198 ಉತ್ತರ, 77.706 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.619 ಉತ್ತರ, 122.375 ಪಶ್ಚಿಮ. ಒಂದು ಪೂರ್ವ ಒಂದು ಪಶ್ಚಿಮ ಇರೋದ್ರಿಂದ ರೇಖಾಂಶ ಎರಡೂ ಕೂಡಿಸ್ರಿ, 200.081 ಬರತೈತಿ, 180 ದಾಟಿತಲ್ಲ, ಅದಕ್ಕ 360ರಾಗ ಕಳದ್ರ 159.919. ಇಲ್ಲೇ ಭಾಳ ಮಂದಿ ತಪ್ಪತಾರ. ನಾ ಒಂದ್ಸಲ ಪಶ್ಚಿಮಕ್ಕ ಮೈನಸ್ ಹಾಕೋದು ಮರತು ಅಮೆರಿಕಾದ ಊರನ್ನ ಏಷ್ಯಾದಾಗ ಕೂಡಿಸಿದ್ದೆ.

ಈಗ ಎರಡೂ ಅಕ್ಷಾಂಶದ ಸೈನ್ ಗುಣಿಸ್ರಿ: 0.228 × 0.610 = 0.139. ಎರಡೂ ಅಕ್ಷಾಂಶದ ಕೊಸೈನ್ ಗುಣಿಸಿ, ಅದನ್ನ 159.919ರ ಕೊಸೈನ್‌ಗೆ ಗುಣಿಸ್ರಿ: ಮೈನಸ್ 0.724. ಎರಡನ್ನೂ ಕೂಡಿಸಿದ್ರ ಮೈನಸ್ 0.585. ಕ್ಯಾಲ್ಕುಲೇಟರ್‌ನ್ಯಾಗ ಕೊಸೈನ್ ಇನ್ವರ್ಸ್ ಒತ್ತಿದ್ರ 125.8 ಡಿಗ್ರಿ. ಒಂದು ಡಿಗ್ರಿಗೆ 111.195 ಕಿ.ಮೀ. ಹಿಡದ್ರ 13,988 ಕಿ.ಮೀ. ಪೇಪರ್‌ನ್ಯಾಗಿನ 13,993ಕ್ಕೂ ಇದಕ್ಕೂ ಐದು ಕಿ.ಮೀ. ವ್ಯತ್ಯಾಸ. ಭೂಮಿ ಪೂರ್ತಿ ದುಂಡಗ ಇಲ್ಲ, ಧ್ರುವದ ಕಡೆ ಸ್ವಲ್ಪ ಚಪ್ಪಟೆ, ನಾವು ದುಂಡಗ ಅಂತ ಹಿಡದೀವಿ, ಅದಕ್ಕ ಹೆಚ್ಚುಕಮ್ಮಿ ಬರತೈತಿ.

ಇನ್ನೊಂದು, 125.8 ಡಿಗ್ರೀನ 60ಕ್ಕ ಗುಣಿಸಿದ್ರ ಸೀದಾ ನಾಟಿಕಲ್ ಮೈಲಿ, 7,548. ಅಕ್ಷಾಂಶದ ಒಂದು ಮಿನಿಟ್‌ಗೆ, ಅಂದ್ರ ಒಂದು ಡಿಗ್ರಿ ಅರವತ್ತು ಪಾಲು ಮಾಡಿದ್ರ ಅದರಾಗ ಒಂದು ಪಾಲಿಗೆ, ಒಂದು ನಾಟಿಕಲ್ ಮೈಲಿ ಅಂತನ ಅದನ್ನ ಮಾಡಿದ್ದು, ಈಗ 1,852 ಮೀಟರ್ ಅಂತ ಗೊತ್ತುಮಾಡ್ಯಾರ. ಪೈಲಟ್‌ಗಳು ಇದರಾಗ ಮಾತಾಡ್ತಾರ. ನೆಲದ ಮೈಲಿ ಬ್ಯಾರೆ, ಅದರಾಗ 8,690 ಆಗತೈತಿ. ಎಲ್ಲೆರ ಬರೇ ಮೈಲಿ ಅಂತ ಬರದಿದ್ರ ಯಾವ ಮೈಲಿ ಅಂತ ಕೇಳ್ರಿ.

ತುಮಕೂರು_ತಟ್ಟೆಇಡ್ಲಿ

ದೂರ ಸರಿ ಗುರೂ, ಟೈಮ್ ವಿಷ್ಯಕ್ಕೆ ಬಂದ್ರೆ ಒಂದು ಮುಖ್ಯ ವಿಚಾರ ಯಾರೂ ಹೇಳ್ಲಿಲ್ಲ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ಹಂಗಾಗಿ ವಿಮಾನ ಪಶ್ಚಿಮಕ್ಕೆ ಹೋದ್ರೆ ಊರೇ ಎದುರು ಬಂದು ಬೇಗ ತಲುಪಬೇಕು, ಆದ್ರೆ ಉಲ್ಟಾ ಆಗುತ್ತೆ, ಪೂರ್ವಕ್ಕೆ ಹೋಗೋದೇ ಬೇಗ. ಅಂದ್ರೆ ಭೂಮಿ ವಿಮಾನನ ಜೊತೆಗೆ ಎಳ್ಕೊಂಡು ಹೋಗುತ್ತೆ ಅಂತ ತಾನೆ?

ರನ್‌ವೇ_ಪಕ್ಕದ_ಮನೆ

ಇದಕ್ಕೆ ನಾನು ಉತ್ತರ ಕೊಡ್ತೀನಿ, ಹನ್ನೊಂದು ವರ್ಷ ಫ್ಲೈಟ್ ಡಿಸ್ಪ್ಯಾಚ್‌ನಲ್ಲಿ ಕೆಲಸ ಮಾಡಿದೀನಿ, ಅಂದ್ರೆ ವಿಮಾನ ಹೊರಡೋಕೆ ಮುಂಚೆ ರೂಟ್ ಯಾವುದು, ಇಂಧನ ಎಷ್ಟು, ಗಾಳಿ ಹೆಂಗಿದೆ ಅಂತ ಪ್ಲಾನ್ ಮಾಡೋ ಕೆಲಸ.

ತಟ್ಟೆಇಡ್ಲಿ ಅವರೇ, ಬೆಂಗಳೂರಿನ ಹತ್ರ ನೆಲ ಗಂಟೆಗೆ 1,600 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ತಿರುಗ್ತಾ ಇದೆ. ಆದ್ರೆ ಮೇಲಿರೋ ಗಾಳಿ, ಆ ಗಾಳಿಯೊಳಗಿರೋ ವಿಮಾನ, ಎಲ್ಲವೂ ಅದರ ಜೊತೆನೇ ತಿರುಗ್ತಾ ಇದೆ. ಓಡೋ ಕೆಂಪು ಬಸ್ಸಲ್ಲಿ ಕೂತು ನಿಂಬೆಹಣ್ಣು ಮೇಲೆ ಎಸೆದ್ರೆ ಅದು ನಿಮ್ಮ ಕೈಗೇ ಬೀಳುತ್ತೆ, ಹಿಂದಿನ ಸೀಟಿನವರ ತಲೆ ಮೇಲೆ ಬೀಳಲ್ಲ. ಹಂಗೇ ಇದು.

ವ್ಯತ್ಯಾಸ ಮಾಡೋದು ಗಾಳಿ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿ ಥರ ಹರಿಯೋ ಗಾಳಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. ಬಿಸಿ ಪ್ರದೇಶಕ್ಕೂ ಧ್ರುವದ ಚಳಿಗೂ ಇರೋ ತಾಪಮಾನದ ಅಂತರದಿಂದ ಹುಟ್ಟುತ್ತೆ, ಭೂಮಿ ತಿರುಗೋದ್ರಿಂದ ಅದು ಪೂರ್ವಕ್ಕೆ ಬಾಗುತ್ತೆ, ಅಷ್ಟರ ಮಟ್ಟಿಗೆ ನಿಮ್ಮ ಮಾತಲ್ಲಿ ಭೂಮಿ ಬರುತ್ತೆ. ಚಳಿಗಾಲದಲ್ಲಿ ಆ ಅಂತರ ಹೆಚ್ಚಾಗುತ್ತೆ, ಗಾಳಿಯೂ ಜೋರು, ಗಂಟೆಗೆ 200 ಕಿ.ಮೀ. ದಾಟೋದು ಮಾಮೂಲಿ. ಹಂಪಿ ಹತ್ರ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಹುಟ್ಟು ಹಾಕೋ ಜೋರು ಎರಡೂ ಕಡೆಗೆ ಒಂದೇ, ಹರಿವಿನ ಜೊತೆ ಹೋದ್ರೆ ದಡ ಬೇಗ ಬರುತ್ತೆ, ಎದುರು ಹೋದ್ರೆ ತೋಳು ಸೋಲುತ್ತೆ.

ಲೆಕ್ಕ ನೋಡಿ. ಬೋಯಿಂಗ್ 777 ಮ್ಯಾಕ್ 0.84ರಲ್ಲಿ, ಅಂದ್ರೆ ಶಬ್ದದ ವೇಗದ 0.84 ಪಾಲಿನಲ್ಲಿ ಹೋಗುತ್ತೆ, ಆ ಎತ್ತರದ ಚಳಿಯಲ್ಲಿ ಅದು ಗಂಟೆಗೆ ಸುಮಾರು 895 ಕಿ.ಮೀ. ಗಾಳಿನೇ ಇಲ್ಲ ಅಂದ್ರೆ 13,988ಕ್ಕೆ 15 ಗಂಟೆ 40 ನಿಮಿಷ. ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಎದುರುಗಾಳಿ ಸಿಕ್ರೆ 17 ಗಂಟೆ 35 ನಿಮಿಷ. ಅದೇ 100 ಹಿಂದಿನಿಂದ ತಳ್ಳಿದ್ರೆ 14 ಗಂಟೆ ಸ್ವಲ್ಪ. ದಾರಿ ಒಂದೇ, ಮೂರೂವರೆ ಗಂಟೆ ವ್ಯತ್ಯಾಸ!

ಇದಕ್ಕೆ ನಿಜವಾದ ಉದಾಹರಣೆ 2016ರ ಅಕ್ಟೋಬರ್‌ನಲ್ಲಿ ಆಯ್ತು. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಲ್ಲಿವರೆಗೆ ಅಟ್ಲಾಂಟಿಕ್ ಕಡೆಯಿಂದ ಹೋಗ್ತಿತ್ತು. ದಿಕ್ಕು ಬದಲಾಯಿಸಿ ಪೆಸಿಫಿಕ್ ಮೇಲಿಂದ ಹೋದ್ರು. ದೂರ ಸಾವಿರ ಕಿ.ಮೀ.ಗೂ ಮೇಲೆ ಜಾಸ್ತಿ ಆಗಿ 15,300 ಕಿ.ಮೀ. ಆಯ್ತು, ಆದ್ರೆ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಬಿಟ್ರು, ಮುಂಚೆಗಿಂತ ಬೇಗ. ಭಾಗಿಸಿ ನೋಡಿ, ನೆಲದ ಲೆಕ್ಕದಲ್ಲಿ ಗಂಟೆಗೆ 1,055 ಕಿ.ಮೀ. ಇಂಜಿನ್ನಿಗೆ ಆ ವೇಗ ಇಲ್ಲ, ಗಾಳಿ ಕೊಟ್ಟಿದ್ದು.

ಕೋಲಾರದ_ಸೊಸೆ

ಅಯ್ಯೋ ದೇವರೇ, ದೂರ ಜಾಸ್ತಿ ಆದ್ರೂ ಬೇಗ ತಲುಪ್ತಾರೆ ಅನ್ನೋದು ನನ್ನ ತಲೆಗೆ ಹೊಳೆದೇ ಇರ್ಲಿಲ್ಲ. ಹಂಗಾದ್ರೆ 16,000 ಅನ್ನೋದು ತಪ್ಪಲ್ವಾ?

ರನ್‌ವೇ_ಪಕ್ಕದ_ಮನೆ

ತಪ್ಪಲ್ಲ ಅಕ್ಕ. 13,993 ಅನ್ನೋದು ಎರಡು ಏರ್‌ಪೋರ್ಟ್ ಮಧ್ಯೆ ಇರೋ ಅತಿ ಚಿಕ್ಕ ದೂರ, ಯಾವತ್ತೂ ಬದಲಾಗಲ್ಲ. 16,000 ಅನ್ನೋದು ಆ ದಿನ ವಿಮಾನ ಹಾರಿದ ದಾರಿ. ಆವತ್ತು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತೆ ಅವರ ಜೊತೆ ಮೂರು ಜನ, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ, ಉತ್ತರ ಧ್ರುವದ ಮೇಲಿಂದ ತಂದ್ರು. ನನಗೆ ಆ ರಾತ್ರಿ ನಿದ್ದೆ ಇಲ್ಲ, ಟ್ರ್ಯಾಕಿಂಗ್ ಆ್ಯಪಲ್ಲಿ ಆ ಪುಟ್ಟ ವಿಮಾನದ ಗುರುತನ್ನೇ ನೋಡ್ತಾ ಕೂತಿದ್ದೆ.

ಮೇಷ್ಟ್ರ ದಾರದ ದಾರಿಯಲ್ಲೇ ಯಾಕೆ ಹೋಗಲ್ಲ ಅಂದ್ರೆ, ಮೊದಲನೇದು ಗಾಳಿ, ಅದು ಹೇಳಾಯ್ತು. ಎರಡನೇದು ಟಿಬೆಟ್. ದಾರ ನೇರವಾಗಿ ಹಿಮಾಲಯ, ಟಿಬೆಟ್ ಮೇಲೆ ಹಾಯುತ್ತೆ. ಕ್ಯಾಬಿನ್ನಲ್ಲಿ ಗಾಳಿಯ ಒತ್ತಡ ಹೋದ್ರೆ ವಿಮಾನ ಬೇಗ 10,000 ಅಡಿಗೆ ಇಳೀಬೇಕು, ಟಿಬೆಟ್ಟಿನ ನೆಲದ ಸರಾಸರಿ ಎತ್ತರವೇ ಹತ್ತತ್ರ 15,000 ಅಡಿ. ಇಳಿಯೋದು ಎಲ್ಲಿಗೆ? ಅದಕ್ಕೇ ಆ ಪ್ರಸ್ಥಭೂಮಿನ ಸಾಮಾನ್ಯವಾಗಿ ಬಳಸಿ ಹೋಗ್ತಾರೆ. ಮೂರನೇದು, ಎರಡು ಇಂಜಿನ್ ವಿಮಾನ ಎಲ್ಲೇ ಇದ್ರೂ ಒಂದು ಇಂಜಿನ್ ನಿಂತ್ರೆ ಇನ್ನೊಂದರಲ್ಲಿ ನಿಗದಿತ ನಿಮಿಷದೊಳಗೆ ಇಳಿಯೋಕೆ ಒಂದು ಏರ್‌ಪೋರ್ಟ್ ಇರಲೇಬೇಕು, ಈಟಾಪ್ಸ್ ನಿಯಮ ಅದು. ಕಾಗದದ ಮೇಲಿನ ನಿಯಮ ಅಂದ್ಕೋಬೇಡಿ, 2023ರ ಜೂನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಇಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳೀತು, ಎಲ್ಲರೂ ಕ್ಷೇಮ. ಧ್ರುವದ ಕಡೆ ಹೋದ್ರೆ ಇಂಧನದ ಚಳಿನೂ ನೋಡ್ಬೇಕು, ಅಮೆರಿಕದಲ್ಲಿ ತುಂಬೋ ಜೆಟ್ ಎ ಇಂಧನಕ್ಕೆ ಮೈನಸ್ 40 ಮಿತಿ, ಬೇರೆ ಕಡೆ ಸಿಗೋ ಜೆಟ್ ಎ-1ಕ್ಕೆ ಮೈನಸ್ 47. ಅದಕ್ಕಿಂತ ತಣ್ಣಗಿರೋ ಗಾಳಿಯಲ್ಲಿ ತುಂಬಾ ಹೊತ್ತು ಇರೋಕಾಗಲ್ಲ, ಕೆಳಗೆ ಇಳೀಬೇಕು ಇಲ್ಲಾ ವೇಗ ಹೆಚ್ಚಿಸ್ಬೇಕು.

ಕೊನೆಗೆ ಯಾರ ಆಕಾಶ ಯಾರಿಗೆ ತೆರೆದಿದೆ ಅನ್ನೋದು. 2022ರ ಉಕ್ರೇನ್ ಯುದ್ಧ ಶುರುವಾದಾಗಿಂದ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಮುಚ್ಚಿತು. ಊರು ಎರಡೂ ಇದ್ದಲ್ಲೇ ಇವೆ, ಆದ್ರೆ ದಾರಿ ಉದ್ದ ಆಗ್ತಾ ಹೋಯ್ತು.

ಗಿಲ್‌ರಾಯ್_ಬೆಳ್ಳುಳ್ಳಿ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಬೇ ಏರಿಯಾದಿಂದ ಬರೀತಿದೀನಿ, ನಮ್ಮಮ್ಮನೂ ಹಿಂಗೇ ಬಾಣಂತನಕ್ಕೆ ಬಂದಿದ್ರು. ಅಕ್ಕ, ತಾರೀಕಿನ ಲೆಕ್ಕ ನಾನು ಹೇಳ್ತೀನಿ, ಅದೇ ಎಲ್ಲರೂ ಎಡವೋ ಜಾಗ.

ಎರಡೂ ಕಡೆ ಗಡಿಯಾರ ಬೇರೆ ಬೇರೆ, ನೇರವಾಗಿ ಕಳೆಯೋಕೆ ಹೋಗ್ಬೇಡಿ, ಎರಡನ್ನೂ ಯುಟಿಸಿಗೆ, ಅಂದ್ರೆ ಇಡೀ ಪ್ರಪಂಚ ಲೆಕ್ಕಕ್ಕೆ ಇಟ್ಕೊಂಡಿರೋ ಒಂದೇ ಗಡಿಯಾರಕ್ಕೆ ತನ್ನಿ. ನೀವು ಹೇಳಿದ್ದೇ ತಗೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊ ಜನವರಿಯಲ್ಲಿ ಯುಟಿಸಿಗಿಂತ 8 ಗಂಟೆ ಹಿಂದೆ. 9ನೇ ತಾರೀಕು ರಾತ್ರಿ 8:30ಕ್ಕೆ 8 ಕೂಡಿಸಿದ್ರೆ 10ನೇ ತಾರೀಕು ಬೆಳಗಿನ ಜಾವ 4:30. ನಮ್ಮೂರು ಯುಟಿಸಿಗಿಂತ ಐದೂವರೆ ಮುಂದೆ. 11ನೇ ತಾರೀಕು 3:45ರಲ್ಲಿ ಐದೂವರೆ ಕಳೆದ್ರೆ 10ನೇ ತಾರೀಕು ರಾತ್ರಿ 10:15. ಬೆಳಗಿನ ಜಾವ 4:30ರಿಂದ ರಾತ್ರಿ 10:15, ಅಂದ್ರೆ 17 ಗಂಟೆ 45 ನಿಮಿಷ. 31 ಅಲ್ಲ. ಮಿಕ್ಕ ಹದಿಮೂರೂವರೆ ಗಂಟೆ ಗಡಿಯಾರದ್ದು, ಅತ್ತೆಯವರ ದೇಹದ್ದಲ್ಲ.

ಇಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹಾಕ್ತಾರೆ, ನವೆಂಬರ್ ಮೊದಲನೇ ಭಾನುವಾರ ವಾಪಸ್. ಆ ಮಧ್ಯೆ ಹೊರಟ್ರೆ ಅಂತರ ಹನ್ನೆರಡೂವರೆ ಗಂಟೆ. ಅಮ್ಮ ಬರೋವಾಗ ನಾನು ಇದನ್ನೇ ಮರೆತು ಒಂದು ಗಂಟೆ ತಡವಾಗಿ ಏರ್‌ಪೋರ್ಟ್‌ಗೆ ಹೋದೆ. ಅವರು ಗಾಲಿಕುರ್ಚಿಯಲ್ಲಿ ಕೂತು ಬಾಗಿಲನ್ನೇ ನೋಡ್ತಿದ್ರು, ಆ ಮುಖ ಇನ್ನೂ ಕಣ್ಮುಂದೆ ಇದೆ.

ಕೋಲಾರದ_ಸೊಸೆ

ನಿಮ್ಮ ಮಾತು ಓದಿ ಕಣ್ಣು ತುಂಬ್ಕೊಂತು. ಹದಿನೇಳು ಮುಕ್ಕಾಲು ಅಂತ ಬರ್ಕೊಂಡೆ. ಆದ್ರೆ ಅದು ಅಲ್ಲಿಂದ ಇಲ್ಲಿಗೆ ಬರೋದು ಅಲ್ವಾ, ಅತ್ತೆ ಹೋಗೋದು ಇಲ್ಲಿಂದ ಅಲ್ಲಿಗೆ. ಅಲ್ಲದೆ ನೇರ ವಿಮಾನ ಸಿಗದೇ ಇದ್ರೆ ದೆಹಲಿ, ದುಬೈ, ಫ್ರಾಂಕ್‌ಫರ್ಟ್ ಯಾವುದಾದ್ರೂ ಒಂದು ಕಡೆ ಬದಲಾಯಿಸ್ಬೇಕು. ನಮ್ಮನೆಯವರು ದೆಹಲಿಗೆ ಹೋಗೋದು ಸುತ್ತುಬಳಸು, ದುಬೈ ನೇರ ಅಂತಾರೆ.

ಧಾರವಾಡ_ಫೇಡೆ

ತಡೀರಿ ಅಕ್ಕಾರ, ಮೂರೂ ಕೂಡಿಸಿ ನೋಡೋಣು.

ಬೆಂಗಳೂರು–ದೆಹಲಿ 1,709, ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ 12,382. ಒಟ್ಟು 14,091.
ಬೆಂಗಳೂರು–ದುಬೈ 2,695, ದುಬೈ–ಸ್ಯಾನ್ ಫ್ರಾನ್ಸಿಸ್ಕೊ 13,020. ಒಟ್ಟು 15,715.
ಬೆಂಗಳೂರು–ಫ್ರಾಂಕ್‌ಫರ್ಟ್ 7,402, ಫ್ರಾಂಕ್‌ಫರ್ಟ್–ಸ್ಯಾನ್ ಫ್ರಾನ್ಸಿಸ್ಕೊ 9,149. ಒಟ್ಟು 16,551.

ನಿಮ್ಮ ಯಜಮಾನ್ರಿಗೆ ತೋರಿಸ್ರಿ. ದೆಹಲಿ ಸುತ್ತಲ್ಲ, ಬರೇ ನೂರು ಕಿ.ಮೀ. ಹೆಚ್ಚು! ಯಾಕಂದ್ರ ಮೇಷ್ಟ್ರ ದಾರ ಬೆಂಗಳೂರಿಂದ ಹೊರಡೋದ ಉತ್ತರಕ್ಕ, ಸ್ವಲ್ಪ ಪೂರ್ವಕ್ಕ ವಾಲಿ. ದೆಹಲಿ ಹೆಚ್ಚುಕಮ್ಮಿ ದಾರಿ ಮಗ್ಗಲ್ದಾಗ ಐತಿ. ದುಬೈ ಬಾಜೂಕ ಐತಿ ಅಂತ ಕಾಣೋದು ಚಪ್ಪಟೆ ನಕಾಶೆ ಮಾಡೋ ಮೋಸ.

ನಿವೃತ್ತ_ಮೇಷ್ಟ್ರು

ಶಹಬ್ಬಾಸ್ ಫೇಡೆ. ಇದನ್ನೂ ದಾರದಲ್ಲೇ ತೋರಿಸಬಹುದು, ದುಬೈ ಮೇಲೆ ಒಂದು ಗುಂಡುಪಿನ್ನು ಚುಚ್ಚಿ ಅದನ್ನ ಬಳಸಿ ದಾರ ಎಳೆದರೆ ನಾಲ್ಕು ಸೆಂಟಿಮೀಟರ್ ಹೆಚ್ಚು ದಾರ ಬೇಕಾಗುತ್ತೆ.

ರನ್‌ವೇ_ಪಕ್ಕದ_ಮನೆ

ಲೆಕ್ಕ ಸರಿ, ಆದ್ರೆ ಇಷ್ಟನ್ನೇ ನಂಬ್ಕೊಂಡು ಟಿಕೆಟ್ ತಗೋಬೇಡಿ ಅಕ್ಕ. ದಾರಿಯಲ್ಲಿ ಒಂದು ಕಡೆ ಬದಲಾಯಿಸೋದಾದ್ರೆ ಕಿ.ಮೀ.ಗಿಂತ ಅಲ್ಲಿ ಕಾಯೋ ಗಂಟೆ ದೊಡ್ಡದು. 1,600 ಕಿ.ಮೀ. ಜಾಸ್ತಿ ಅಂದ್ರೆ ಎರಡು ಗಂಟೆಗಿಂತ ಕಮ್ಮಿ ಹಾರಾಟ, ಆದ್ರೆ ಟ್ರಾನ್ಸಿಟ್‌ನಲ್ಲಿ ಆರು ಗಂಟೆ ಕೂರಿಸಿದ್ರೆ ದೂರದ ಲಾಭ ಎಲ್ಲಾ ಅಲ್ಲೇ ಹೋಯ್ತು. ದೆಹಲಿಯಲ್ಲಿ ಡೊಮೆಸ್ಟಿಕ್‌ನಿಂದ ಇಂಟರ್‌ನ್ಯಾಷನಲ್‌ಗೆ ಹೋಗಿ ಇಮಿಗ್ರೇಷನ್ ಮಾಡ್ಸೋದು ಒಂದು ಕೆಲಸ, ವಯಸ್ಸಾದವರಿಗೆ ವೀಲ್‌ಚೇರ್ ಮೊದಲೇ ಬುಕ್ ಮಾಡಿ.

ಹೋಗೋ ದಿಕ್ಕಿನ ಪ್ರಶ್ನೆ ಒಳ್ಳೇದು. ಇಲ್ಲಿಂದ ಅಲ್ಲಿಗೆ ಪೂರ್ವದ ಕಡೆ ಹೋದ್ರೆ ಗಾಳಿ ತಳ್ಳುತ್ತೆ, ಬರೋದಕ್ಕಿಂತ ಸಾಮಾನ್ಯವಾಗಿ ಬೇಗ. ಟಿಕೆಟ್ ಮೇಲೆ ಇರೋ ಟೈಮು ಹಾರಾಟದ್ದು ಮಾತ್ರ ಅಲ್ಲ ಅಂತ ನೆನಪಿಡಿ, ಗೇಟ್ ಬಿಟ್ಟಾಗಿಂದ ಗೇಟ್ ಸೇರೋವರೆಗೆ. ವಿಮಾನ ನೆಲದ ಮೇಲೆ ಉರುಳ್ಕೊಂಡು ಹೋಗೋದು, ರನ್‌ವೇಗೆ ಕಾಯೋದು, ಇಳಿಯೋಕೆ ಮುಂಚೆ ಸುತ್ತು ಹೊಡೆಯೋದು ಎಲ್ಲಾ ಅದರೊಳಗೆ, ಬ್ಲಾಕ್ ಟೈಮ್ ಅಂತೀವಿ. ಡಾಕ್ಟರಿಗೆ ಅದನ್ನೇ ಕೊಡಿ, ಯಾಕಂದ್ರೆ ಅಷ್ಟೂ ಹೊತ್ತು ಅತ್ತೆ ಸೀಟಲ್ಲೇ ಇರ್ತಾರೆ. ನೀವೇ ಭಾಗಿಸಿ ತೆಗೆದ ಗಂಟೆ ಕೊಡಬೇಡಿ.

ಗಿಲ್‌ರಾಯ್_ಬೆಳ್ಳುಳ್ಳಿ

ಇನ್ನೊಂದು. ಇನ್ಸುಲಿನ್ ಕೈಚೀಲದಲ್ಲೇ ಇರ್ಲಿ, ಚೆಕ್-ಇನ್ ಲಗೇಜಿಗೆ ಹಾಕ್ಬೇಡಿ, ಕೆಳಗಿನ ಹೋಲ್ಡ್‌ನಲ್ಲಿ ಚಳಿಗೆ ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ, ಲಗೇಜ್ ತಡವಾದ್ರೆ ಇನ್ನೂ ಕಷ್ಟ. ಡಾಕ್ಟರ ಚೀಟಿ ಇಂಗ್ಲಿಷಲ್ಲಿ ಬರೆಸ್ಕೊಳ್ಳಿ. ನಮ್ಮಮ್ಮನ ವಾಚ್‌ನ ಪ್ರಯಾಣ ಮುಗಿಯೋವರೆಗೆ ನಮ್ಮೂರ ಟೈಮಲ್ಲೇ ಬಿಟ್ಟಿದ್ವಿ. ಹೊರಗೆ ಹಗಲು ರಾತ್ರಿ ಏನೇ ಆಗ್ಲಿ, ಊಟ ಮಾತ್ರೆ ಎಲ್ಲಾ ಆ ವಾಚ್ ನೋಡ್ಕೊಂಡೇ, ಡಾಕ್ಟರ್ ಹಂಗೆ ಬರ್ಕೊಟ್ಟಿದ್ರು. ನಿಮ್ಮ ಡಾಕ್ಟರ್ ಏನಂತಾರೋ ಕೇಳಿ.

ತುಮಕೂರು_ತಟ್ಟೆಇಡ್ಲಿ

ನಿಂಬೆಹಣ್ಣಿನ ಉದಾಹರಣೆ ಸಕತ್ತಾಗಿತ್ತು ಸಾರ್, ಒಪ್ಕೊಂಡೆ. ಇಷ್ಟು ವರ್ಷ ತಪ್ಪಾಗಿ ತಿಳ್ಕೊಂಡಿದ್ದೆ.

ಕೋಲಾರದ_ಸೊಸೆ

ನಿನ್ನೆ ಡಾಕ್ಟರ ಹತ್ರ ಹೋಗಿ ಬಂದ್ವಿ. ದೆಹಲಿ ಮೇಲಿನ ಟಿಕೆಟ್ ನೋಡಿದೀವಿ. ಹಾಳೆಯಲ್ಲಿ ಹಿಂಗೆ ಬರ್ಕೊಂಡು ಹೋಗಿದ್ದೆ: ಮನೆಯಿಂದ ದೇವನಹಳ್ಳಿ 2 ಗಂಟೆ, ಅಲ್ಲಿ ಕಾಯೋದು 3, ದೆಹಲಿಗೆ 3, ದೆಹಲಿಯಲ್ಲಿ 4, ದೊಡ್ಡ ವಿಮಾನ ಟಿಕೆಟ್ ಪ್ರಕಾರ 16, ಇಳಿದ ಮೇಲೆ ಇಮಿಗ್ರೇಷನ್ನು ಲಗೇಜು ಕಾರು ಸೇರಿ 3. ಒಟ್ಟು 31. ಮೊದಲನೇ ದಿನ ತಪ್ಪು ಲೆಕ್ಕದಲ್ಲಿ ಬಂದಿದ್ದೂ 31, ಈಗ ಸರಿಯಾದ ಲೆಕ್ಕದಲ್ಲೂ 31 ಬಂತು, ಆದ್ರೆ ಈಗ ಯಾವ ಗಂಟೆ ಎಲ್ಲಿ ಕಳೆಯುತ್ತೆ ಅಂತ ಗೊತ್ತು. ಡಾಕ್ಟರು ಹಾಳೆ ನೋಡಿ ಪಕ್ಕದಲ್ಲೇ ಊಟ, ಡೋಸ್ ಎಲ್ಲಾ ಬರೆದು ಸಹಿ ಹಾಕಿ ಕೊಟ್ರು, ವಾಚ್ ನಮ್ಮ ಟೈಮಲ್ಲೇ ಇರ್ಲಿ ಅಂತ ಅವರೂ ಹೇಳಿದ್ರು.

ಗ್ಲೋಬ್ ಪಕ್ಕದ ಮನೆಯಿಂದ ತಂದ್ವಿ, ಚಿಕ್ಕದು. ಮಗ ಹೂವು ಕಟ್ಟೋ ದಾರ ಹಿಡಿದು ಅತ್ತೆ ಕೈಯಲ್ಲೇ ಒಂದು ತುದಿ ಒತ್ತಿಸಿದ, ಇನ್ನೊಂದು ತುದಿ ಅವನು ಹಿಡ್ಕೊಂಡ. ಅತ್ತೆ ಕನ್ನಡಕ ಹಾಕ್ಕೊಂಡು ದಾರದ ಕೆಳಗಿರೋ ಹೆಸರೆಲ್ಲಾ ಒಂದೊಂದಾಗಿ ಓದಿಸ್ಕೊಂಡ್ರು, ನೇಪಾಳ ಬಂದಾಗ ಪಶುಪತಿನಾಥ ಅಲ್ಲೇ ಅಲ್ವೇನೋ ಅಂದ್ರು. ವಿಮಾನ ಆ ಕಡೆ ಹೋಗುತ್ತೋ ಇಲ್ವೋ ಗಾಳಿ ನೋಡಿ ಹೇಳ್ತಾರಂತೆ ಅಜ್ಜಿ ಅಂತ ಮಗ ವಿವರಿಸ್ತಾ ಇದ್ದ.

ಕಿಟಕಿ ಸೀಟು ಬೇಕಾ, ನಡುಹಾದಿ ಪಕ್ಕದ್ದಾ ಅಂತ ಇನ್ನೂ ಕೇಳಿಲ್ಲ, ಮೊಣಕಾಲು ನೋವಿದೆ, ನಡುಹಾದಿ ಪಕ್ಕನೇ ಬುಕ್ ಮಾಡ್ತೀನಿ.